ಹಳೇ ಮನೆ ಕೊಳ್ಳುವ ಮುಂಚೆ ಇಂಜಿನಿಯರ್ ಕರೆಸಿದ್ದು: ನನ್ನ ಅನುಭವ

ಮನೆ ಕೊಳ್ಳುವಾಗ ಕಾಗದಪತ್ರ ಹಿಡಿದುಕೊಂಡು ಲಾಯರ್ ಹತ್ತಿರ ಹೋಗದವರು ಸಿಗುವುದಿಲ್ಲ. ಮೂಲಪತ್ರ, ಇಸಿ (ಋಣಭಾರ ಪತ್ರ), ಖಾತೆ, ಕಂದಾಯದ ರಸೀದಿ, ವಂಶವೃಕ್ಷ ಎಲ್ಲವನ್ನೂ ತೋರಿಸುತ್ತೇವೆ. ಅದೇ ಮನೆಯ ಪಾಯ, ಗೋಡೆ, ತೊಲೆ ಹೇಗಿವೆ ಎಂದು ಇಂಜಿನಿಯರ್ ಕರೆಸಿ ತೋರಿಸುವವರು ಬಹಳ ಕಡಿಮೆ. ಹೆಚ್ಚೆಂದರೆ ಪರಿಚಯದ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಒಂದು ಸುತ್ತು ಹಾಕಿಸುತ್ತೇವೆ. ಎಂಬತ್ತು ತೊಂಬತ್ತು ವರ್ಷದ ಮನೆಗೆ ಅದು ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾವು ಮಾಡಿಸಿದ್ದು ಹೇಗೆ, ಅದರಿಂದ ಏನು ಗೊತ್ತಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆ ಇರುವುದು ಮೈಸೂರಿನ ಹಳೇ ಬಡಾವಣೆಯೊಂದರಲ್ಲಿ. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಗಿ, ಹಳೇ ಊರಿನ ಇಕ್ಕಟ್ಟಿನ ಆಚೆ ಅಗಲ ರಸ್ತೆಗಳ ಬಡಾವಣೆಗಳು ಬಂದವಲ್ಲ, ಅಂಥದ್ದರಲ್ಲಿ ಒಂದು. ಮುಂದಿನ ಭಾಗ 1930ರ ದಶಕದ್ದು. ದಪ್ಪ ಗೋಡೆ, ತೇಗದ ತೊಲೆ, ಮದ್ರಾಸ್ ಟೆರೇಸ್ ಅಂದರೆ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಸಿದ ತಾರಸಿ. ನಡುವೆ ಮಂಗಳೂರು ಹೆಂಚಿನ ಅಡುಗೆಮನೆ. ಹಿಂದೆ 1980ರ ಸುಮಾರಿಗೆ ಸೇರಿಸಿದ, ಕಂಬಿ ಹಾಕಿದ ಕಾಂಕ್ರೀಟಿನ ಆರ್‌ಸಿಸಿ ಭಾಗ. ಅದರಲ್ಲಿ ಒಂದು ಕೋಣೆ, ಕೆಳಗೊಂದು ಮೇಲೊಂದು ಬಚ್ಚಲುಮನೆ.

ನೆಂಟರಲ್ಲಿ ಅರ್ಧ ಜನ ಬೇಡ ಅಂದರು. ಅವರ ಭಯಕ್ಕೆ ಕಾರಣ ಇತ್ತು. ಇದೇ ಊರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋಗಿದ್ದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. "ಮುಂದಿನದನ್ನ ಕೆಡವಿ ಕಟ್ಟೋದಾದ್ರೆ ತಗೊಳ್ಳಿ, ಹಿಂದಿನದು ಹೊಸದು, ಅದು ಇರಲಿ" ಅನ್ನುವುದು ಎಲ್ಲರ ಸಲಹೆ. ಮೇಸ್ತ್ರಿ ಹೇಳಿದ್ದೂ ಅದನ್ನೇ.

ಬ್ಯಾಂಕಿನಿಂದ ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಹೇಗೂ ಬರುತ್ತಾರಲ್ಲ, ಬೇರೆ ಇಂಜಿನಿಯರ್ ಯಾಕೆ ಅಂತ ಕೇಳುವವರಿದ್ದಾರೆ. ವ್ಯಾಲ್ಯುಯರ್ ಬರುವುದು ಬ್ಯಾಂಕಿನ ಪರವಾಗಿ. ಸಾಲ ಕಟ್ಟದೆ ಹೋದರೆ ಈ ಆಸ್ತಿ ಮಾರಿ ದುಡ್ಡು ವಾಪಸ್ ಬರುತ್ತದಾ ಅನ್ನುವುದು ಅವರ ಲೆಕ್ಕ. ತೊಲೆಯ ತುದಿ ಕೊಳೆತಿದೆಯಾ ಎಂದು ನೋಡುವುದು ಅವರ ಕೆಲಸವಲ್ಲ. ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಐದು ವರ್ಷದ ಹೊಣೆ ಇದೆಯಲ್ಲ ಅಂದರೆ, ಅದು ಬಿಲ್ಡರ್ ಕಟ್ಟಿ ಕೊಡುವ ಹೊಸ ಕಟ್ಟಡಕ್ಕೆ. ಹಳೇ ಮನೆಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ತನಗೆ ಗೊತ್ತಿರುವ, ಕೊಳ್ಳುವವರಿಗೆ ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವರು ಹೇಳಬೇಕು ಅನ್ನುತ್ತದೆ ಅದರ 55ನೇ ಸೆಕ್ಷನ್. ಆದರೆ ಮಾರುವವರಿಗೇ ಗೊತ್ತಿಲ್ಲದ ದೋಷಕ್ಕೆ ಏನು ಮಾಡುವುದು? ಹಳೇ ಮನೆಯಲ್ಲಿ ಅಂಥವೇ ಜಾಸ್ತಿ.

ಇಂಜಿನಿಯರ್ ಹುಡುಕುವುದೇ ದೊಡ್ಡ ಕೆಲಸ. ಸ್ಟ್ರಕ್ಚರಲ್ ಇಂಜಿನಿಯರ್ ಊರ ತುಂಬಾ ಇದ್ದಾರೆ. ಆದರೆ ಸುಣ್ಣದ ಗಾರೆ, ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮರದ ತೊಲೆ ಇವುಗಳ ಮೇಲೆ ಕೆಲಸ ಮಾಡಿದವರು ಕಡಿಮೆ. ನಾನು ಫೋನ್ ಮಾಡಿದವರಲ್ಲಿ ಕೆಲವರು ಮನೆಯನ್ನು ನೋಡುವ ಮೊದಲೇ ಕೆಡವಿಸಿಬಿಡಿ ಅಂದರು. ಅಂಥವರನ್ನು ಬಿಟ್ಟೆ. ಕೊನೆಗೆ ಸಿಕ್ಕವರು ಹಳೇ ಕಟ್ಟಡಗಳ ದುರಸ್ತಿಯನ್ನೇ ಮಾಡುತ್ತಾ ಬಂದವರು. ಒಂದು ಮಾತು ಮೊದಲೇ ಸ್ಪಷ್ಟ ಮಾಡಿದರು. ದುರಸ್ತಿಯ ಗುತ್ತಿಗೆ ಅವರು ತೆಗೆದುಕೊಳ್ಳುವುದಿಲ್ಲ, ತಪಾಸಣೆ ಮಾತ್ರ. ಇದು ನನಗೆ ತುಂಬಾ ಹಿಡಿಸಿತು. ದುರಸ್ತಿ ಮಾಡುವವರೇ ರೋಗ ಹೇಳಿದರೆ ನಂಬುವುದು ಕಷ್ಟ, ಅಲ್ವಾ? ಫೀಸು ರೂ. 25,000ದ ಆಸುಪಾಸು, ಟೆಸ್ಟುಗಳಿಗೆ ಬೇರೆ. ಕೊಳ್ಳುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಮಾರುವ ಮನೆಯ ಹಿರಿಯರಿಗೆ ಇದು ಸರಿ ಬರಲಿಲ್ಲ. "ನಮ್ಮ ತಂದೆ ನಿಂತು ಕಟ್ಟಿಸಿದ ಮನೆಯಮ್ಮ, ಇದರಲ್ಲಿ ಟೆಸ್ಟ್ ಮಾಡೋದು ಏನಿದೆ?" ಅಂದರು. ಕೇಳದೆ ಏನನ್ನೂ ಒಡೆಯುವುದಿಲ್ಲ, ಗಾರೆ ಕೆರೆದ ಕಡೆ ಮತ್ತೆ ಮೆತ್ತಿ ಕೊಡುತ್ತೇವೆ, ರಿಪೋರ್ಟಿನ ಒಂದು ಪ್ರತಿ ನಿಮಗೂ ಕೊಡುತ್ತೇವೆ ಎಂದು ಹೇಳಿ ಒಪ್ಪಿಸಿದೆವು. ಕರಾರು ಪತ್ರ ಮಾಡಿಕೊಂಡಿರಲಿಲ್ಲ. ಸಣ್ಣ ಟೋಕನ್ ಮಾತ್ರ ಕೊಟ್ಟು, ತಪಾಸಣೆ ಆದ ಮೇಲೆ ಇಷ್ಟವಿಲ್ಲದಿದ್ದರೆ ವಾಪಸ್ ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡೆವು. ಆಷಾಢದಲ್ಲಿ ರಿಜಿಸ್ಟ್ರೇಷನ್ ಬೇಡ ಅಂತ ಅವರ ಕಡೆಯವರೇ ಹೇಳಿದ್ದರಿಂದ ನಮಗೆ ಸಮಯವೂ ಸಿಕ್ಕಿತು. ಮಳೆಗಾಲ ಬೇರೆ. ಹಳೇ ಮನೆಯನ್ನು ನೋಡಲು ಅದಕ್ಕಿಂತ ಒಳ್ಳೇ ಕಾಲ ಇಲ್ಲ. ಬೇಸಿಗೆಯಲ್ಲಿ ಸುಣ್ಣ ಬಳಿದು ನಿಲ್ಲಿಸಿದರೆ ಯಾವ ಸೋರಿಕೆಯೂ ಕಾಣುವುದಿಲ್ಲ.

ತಪಾಸಣೆಯ ದಿನ ನಾನು ಬೆಳಗ್ಗೆಯಿಂದ ಜೊತೆಯಲ್ಲೇ ಇದ್ದೆ. ಇದನ್ನು ಯಾರೂ ತಪ್ಪಿಸಬೇಡಿ. ರಿಪೋರ್ಟಿನಲ್ಲಿ ಬರೆಯದ ಎಷ್ಟೋ ಸಂಗತಿ ಪಕ್ಕದಲ್ಲಿ ನಿಂತರೆ ಗೊತ್ತಾಗುತ್ತವೆ. ಇಂಜಿನಿಯರ್ ಒಳಗೆ ಬರುವ ಮುಂಚೆ ಮನೆಯ ಸುತ್ತ ನಡೆದರು. "ಮೊದಲು ನೀರು ಹೋಗೋ ದಾರಿ ನೋಡೋಣ ಮೇಡಂ, ಬಿರುಕು ಆಮೇಲೆ" ಅಂದರು. ತಾರಸಿಯ ನೀರು ಎಲ್ಲಿ ಬೀಳುತ್ತದೆ, ಗೋಡೆಯ ಬುಡಕ್ಕೆ ಸಿಮೆಂಟ್ ಹಾಕಿ ಅಂಗಳ ಎಷ್ಟು ಎತ್ತರಿಸಿದ್ದಾರೆ, ಪ್ಯಾರಪೆಟ್ ಸಂದಿಯಲ್ಲಿ ಅಶ್ವತ್ಥದ ಗಿಡ ಇದೆಯಾ, ಇವನ್ನೆಲ್ಲ ನೋಡಿಕೊಂಡು ಬಂದರು. ಗಿಡ ಇತ್ತು. ಅಂಗಳವನ್ನೂ ವರ್ಷ ವರ್ಷ ಎತ್ತರಿಸುತ್ತಾ ಬಂದಿದ್ದರು. ಮುಂದಿನ ಕೋಣೆಯ ಗೋಡೆ ಕೆಳಗಡೆ ತೇವವಾಗಿ ಉಪ್ಪು ಬಿಡುತ್ತಿದ್ದದ್ದಕ್ಕೆ ಅದೇ ಕಾರಣ. ಅದರ ಮೇಲೆ ಯಾರೋ ಸಿಮೆಂಟ್ ಪ್ಲಾಸ್ಟರ್ ಬೇರೆ ಬಳಿದಿದ್ದರು. ಸುಣ್ಣದ ಗಾರೆ ಆಗಿದ್ದರೆ ತೇವ ಆರಿಹೋಗುತ್ತಿತ್ತು. ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟುಕೊಂಡು ಇನ್ನೂ ಮೇಲಕ್ಕೆ ಹತ್ತಿಸುತ್ತದೆ.

ಹಿಂದಿನ ಬಚ್ಚಲುಮನೆಯ ಮೂಲೆಯಲ್ಲಿ ಇಟ್ಟಿಗೆಯ ಸಾಲು ಹಿಡಿದು ಮೆಟ್ಟಿಲಿನ ಹಾಗೆ ಏರಿದ ಬಿರುಕಿತ್ತು. ಇಂಜಿನಿಯರ್ ಅದನ್ನು ಸ್ವಲ್ಪ ಹೊತ್ತು ನೋಡಿ, ಹಿರಿಯರ ಕಡೆ ತಿರುಗಿ "ಯಜಮಾನ್ರೇ, ಇಲ್ಲಿ ಬಾವಿ ಎಲ್ಲಿತ್ತು?" ಎಂದು ಕೇಳಿದರು. ಹಿರಿಯರು ನಡೆದು ಹೋಗಿ ಆ ಮೂಲೆಯ ಪಕ್ಕದಲ್ಲೇ ನಿಂತರು. ಕಾರ್ಪೊರೇಷನ್ ನೀರಿನ ನಲ್ಲಿ ಬಂದ ಮೇಲೆ ಬಾವಿಗೆ ಕಸ, ಒಡೆದ ಇಟ್ಟಿಗೆ, ಮಣ್ಣು ತುಂಬಿಸಿ ಮುಚ್ಚಿದ್ದರು. ಆಮೇಲೆ ಬಚ್ಚಲು ಕಟ್ಟುವಾಗ ಅದರ ಪಾಯದ ಒಂದು ಮೂಲೆ ತುಂಬಿದ ಬಾವಿಯ ಅಂಚಿಗೆ ಬಂದಿತ್ತು. ತುಂಬಿದ ಮಣ್ಣು ಇಳಿಯುತ್ತಾ ಹೋದಂತೆ ಮೂಲೆಯೂ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಹಿರಿಯರು ನಮ್ಮ ಕಡೆಯವರೇ ಆಗಿಬಿಟ್ಟರು. ಯಾವ ವರ್ಷ ಯಾವ ಗೋಡೆ ಒಡೆದದ್ದು, ಹಳೇ ಚರಂಡಿ ಎಲ್ಲಿ ಹೋಗಿತ್ತು ಎಲ್ಲವನ್ನೂ ಹೇಳಿದರು. ಬೇರೆ ಯಾರಿಂದಲೂ ಸಿಗದ ಮಾಹಿತಿ ಅದು.

ಆ ಬಿರುಕಿಗೂ, ಮುಂದಿನ ಮಲಗುವ ಕೋಣೆಯ ಒಂದು ಬಿರುಕಿಗೂ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದರು. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ. ಆಷಾಢ ಮುಗಿಯುವಷ್ಟರಲ್ಲಿ ಬಚ್ಚಲಿನದು ಒಡೆದಿತ್ತು, ಮಲಗುವ ಕೋಣೆಯದು ಹಾಗೇ ಇತ್ತು. ನೋಡಲು ಎರಡರಲ್ಲಿ ದೊಡ್ಡದು ಮಲಗುವ ಕೋಣೆಯ ಬಿರುಕೇ.

ತೊಲೆಗಳನ್ನು ನೋಡಿದ್ದು ಟಾರ್ಚು, ಸಣ್ಣ ಸುತ್ತಿಗೆ, ಚೂಪು ದಬ್ಬಳ ಹಿಡಿದುಕೊಂಡು. ತೊಲೆಯ ನಡುಭಾಗ ಅಲ್ಲ, ಗೋಡೆಯೊಳಗೆ ಹೋಗುವ ತುದಿ ಮುಖ್ಯ. ತೇವ ತಾಗುವುದು ಅಲ್ಲೇ. ಒಂದೇ ಒಂದು ತುದಿಯಲ್ಲಿ ದಬ್ಬಳ ಸಲೀಸಾಗಿ ಒಳಗೆ ಹೋಯಿತು. ಉಳಿದವು ಗಟ್ಟಿ. ಗೆದ್ದಲಿನ ಮಣ್ಣಿನ ಗೆರೆ ಬಾಗಿಲ ಚೌಕಟ್ಟಿನಲ್ಲಿ ಇತ್ತು, ತೇಗದ ತೊಲೆಗಳಿಗೆ ಹತ್ತಿರಲಿಲ್ಲ.

ತಾರಸಿಯ ಮೇಲೆ ಮಾತ್ರ ನಾನು ಊಹಿಸದ ಸಂಗತಿ ಸಿಕ್ಕಿತು. ಮದ್ರಾಸ್ ಟೆರೇಸಿನಲ್ಲಿ ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಹಾಸು ಇರುತ್ತದೆ. ಇಲ್ಲಿ ಸೋರಿದಾಗಲೆಲ್ಲ ಒಂದೊಂದು ಪದರ ಸಿಮೆಂಟ್ ಕಾಂಕ್ರೀಟ್ ಹಾಕುತ್ತಾ ಬಂದಿದ್ದರು. ಅಂಚಿನಲ್ಲಿ ಅಳೆದರೆ ಹೆಚ್ಚುವರಿ ದಪ್ಪ ನಾಲ್ಕು ಇಂಚು. ಇಂಜಿನಿಯರ್ ಅಲ್ಲೇ ಲೆಕ್ಕ ಹಾಕಿ ತೋರಿಸಿದರು. ಚದರ ಮೀಟರಿಗೆ ಸುಮಾರು 240 ಕೆಜಿ. ಹಜಾರ 12 ಅಡಿಗೆ 15 ಅಡಿ. ಅಂದರೆ ತೊಲೆಗಳು ಬೇಡದ ನಾಲ್ಕು ಟನ್ ಹೊತ್ತುಕೊಂಡು ನಿಂತಿದ್ದವು. ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸಿ ಸೋರಿಕೆ ಟೆಸ್ಟ್ ಮಾಡೋಣ ಅಂತ ನಾನು ಕೇಳಿದಾಗ ಅವರು ಬೇಡ ಅಂದದ್ದು ಇದಕ್ಕೇ. ಪೈಪಿನಲ್ಲಿ ನೀರು ಹರಿಸಿ ನೋಡಿದೆವು.

ಅಡುಗೆಮನೆಯ ಹೆಂಚು ಬೇಗ ಮುಗಿಯಿತು. ಒಡೆದ ಹೆಂಚು ಬದಲಿಸಿ, ಹೆಂಚು ಕೂರುವ ಮರದ ಪಟ್ಟಿ (ರೀಪರು) ಕೆಲವು ಹೊಸದು ಹಾಕಿದರೆ ಸಾಕು. ವೈರಿಂಗ್ ಪೂರ್ತಿ ಹಳೇದು, ಅರ್ತಿಂಗೇ ಇಲ್ಲ, ಎಲ್ಲ ಬದಲಿಸಬೇಕು. ನೀರಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳೂ ಅಷ್ಟೇ.

ಎಲ್ಲರೂ ಹೊಸದು ಅನ್ನುತ್ತಿದ್ದ ಆರ್‌ಸಿಸಿ ಭಾಗಕ್ಕೆ ಬಂದಾಗ ನಿಜವಾದ ತೊಂದರೆ ಕಂಡಿತು. ಕಾಂಕ್ರೀಟ್ ಎಷ್ಟು ಗಟ್ಟಿ ಎಂದು ಅಂದಾಜಿಸುವ ರಿಬೌಂಡ್ ಹ್ಯಾಮರ್ ಒತ್ತಿದರೆ ಅಂಕಿ ಚೆನ್ನಾಗೇ ಬರುತ್ತಿತ್ತು. ನಾನು ಸಮಾಧಾನ ಪಟ್ಟೆ. ಅವರು ಅದನ್ನು ನಂಬಲಿಲ್ಲ. ಹಳೇ ಕಾಂಕ್ರೀಟಿನ ಮೇಲ್ಮೈ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗಿ ಅಂಕಿ ಜಾಸ್ತಿ ತೋರಿಸುತ್ತದಂತೆ. ಹಿರಿಯರನ್ನು ಕೇಳಿ, ಬಚ್ಚಲಿನ ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ತಳದಲ್ಲಿ ಒಂದು ಚೂರು ಒಡೆದು, ಹೊಸದಾಗಿ ತೆರೆದ ಮುಖಕ್ಕೆ ಫಿನಾಲ್ಫ್ತಲೀನ್ ಎಂಬ ರಾಸಾಯನಿಕ ಸ್ಪ್ರೇ ಮಾಡಿದರು. ಕಾಂಕ್ರೀಟಿನ ಕ್ಷಾರ ಉಳಿದಿರುವ ಕಡೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಕ್ಷಾರ ಇರುವ ತನಕ ಕಂಬಿಗೆ ಸಾಮಾನ್ಯವಾಗಿ ತುಕ್ಕು ಹಿಡಿಯುವುದಿಲ್ಲ. ನಮ್ಮ ಮೋಲ್ಡಿನಲ್ಲಿ ಕಂಬಿ ಬರೀ 10 ಮಿಮೀ ಒಳಗಿತ್ತು. ಗುಲಾಬಿ ಶುರುವಾದದ್ದು ಕಂಬಿಯನ್ನು ದಾಟಿ ಇನ್ನೂ ಒಳಗೆ. ಕಂಬಿಯ ಸುತ್ತ ಬಣ್ಣವೇ ಬರಲಿಲ್ಲ. ತಿರುಚಿ ಮಾಡಿದ ಟಾರ್ ಕಂಬಿಯ ತಿರುವು ಗೆರೆಗಳು ತುಕ್ಕಿನಲ್ಲಿ ಅಳಿಸಿಹೋಗಿದ್ದವು. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಅದಕ್ಕೇ ಕಾಂಕ್ರೀಟ್ ಒಳಗಿನಿಂದ ಸಿಡಿಯುತ್ತದೆ. ಸುತ್ತಿಗೆಯಲ್ಲಿ ತಟ್ಟಿದರೆ ತಳದ ಅರ್ಧ ಭಾಗ ಟೊಳ್ಳು ಸದ್ದು ಮಾಡುತ್ತಿತ್ತು.

ಆ ಕಾಲದ ಮನೆಗಳಲ್ಲಿ ಇದು ಅಪರೂಪ ಅಲ್ಲ ಅಂದರು. ಕೈಯಲ್ಲೇ ಕಲಸಿದ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್, ಸುಲಭವಾಗಲಿ ಎಂದು ಜಾಸ್ತಿ ನೀರು, ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಲ್ಲ. ಆರ್‌ಸಿಸಿಗೆ ಕನಿಷ್ಠ ಎಂ20 ದರ್ಜೆಯ ಕಾಂಕ್ರೀಟ್ ಎಂಬ ನಿಯಮ ಬಂದದ್ದು 2000ದಲ್ಲಿ ಪರಿಷ್ಕರಿಸಿದ, ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರಲ್ಲಿ. ಅದರ ಮೇಲೆ ದಿನಾ ನೀರು ಬೀಳುವ ಬಚ್ಚಲುಮನೆ.

ರಿಪೋರ್ಟಿನಲ್ಲಿ ಮನೆಯ ನಕ್ಷೆ ಬರೆದು ಪ್ರತಿ ಗೋಡೆಗೂ ನಂಬರ್ ಕೊಟ್ಟಿದ್ದರು, ಫೋಟೊಗಳಿಗೂ ಅದೇ ನಂಬರ್. ಬಚ್ಚಲುಮನೆಗಳನ್ನು ಕೆಡವಿ ಬಾವಿಯಿಂದ ದೂರ ಕಟ್ಟುವುದು, ವೈರಿಂಗ್, ಕೊಳೆತ ತೊಲೆಯ ತುದಿ ಇವು ತಕ್ಷಣಕ್ಕೆ. ತಾರಸಿಯ ಹೆಚ್ಚುವರಿ ಪದರ, ಅಂಗಳದ ಮಟ್ಟ ಎರಡು ವರ್ಷದೊಳಗೆ. ನನಗೆ ಎಲ್ಲಕ್ಕಿಂತ ಉಪಯೋಗ ಆದದ್ದು ಮುಟ್ಟಬಾರದ್ದರ ಪಟ್ಟಿ. ಹಜಾರಕ್ಕೂ ಊಟದ ಮನೆಗೂ ನಡುವಿನ ಗೋಡೆ ತೆಗೆಸಿ ದೊಡ್ಡದು ಮಾಡಬೇಕು ಅಂತ ನಮಗೆ ಆಸೆ ಇತ್ತು. ತೊಲೆಗಳೆಲ್ಲ ಕೂತಿರುವುದೇ ಆ ಗೋಡೆಯ ಮೇಲೆ, ಅದು ಕಟ್ಟಿರುವುದು ಮಣ್ಣಿನಲ್ಲಿ. ಪೈಪ್ ಹಾಕಲು ಗೋಡೆ ಕೊರೆದು ಕಾಲುವೆ ಕೂಡ ತೆಗೆಯಬಾರದು ಎಂದು ಬರೆದಿದ್ದರು. ಮುಂದಿನ ಭಾಗದಲ್ಲಿ ಎಲ್ಲೂ ಸಿಮೆಂಟ್ ಪ್ಲಾಸ್ಟರ್ ಬೇಡ, ಸುಣ್ಣದ ಗಾರೆಯೇ ಆಗಬೇಕು.

ರಿಪೋರ್ಟ್ ತೋರಿಸಿ ಬೆಲೆ ಮಾತಾಡಿದೆವು. ಬಚ್ಚಲು ಕಟ್ಟುವ ಖರ್ಚಿನಷ್ಟು ಬಿಟ್ಟುಕೊಟ್ಟರು. ಬೆಲೆ ಇಳಿಸಲಿಕ್ಕೆ ಅಂತಲೇ ತಪಾಸಣೆ ಮಾಡಿಸುವವರು ಇದ್ದಾರೆ, ನನಗೆ ಅದು ಮುಖ್ಯ ಅನ್ನಿಸಲಿಲ್ಲ. ಒಂದು ಪೈಸೆ ಇಳಿಸದಿದ್ದರೂ ಫೀಸು ದಂಡ ಆಗುತ್ತಿರಲಿಲ್ಲ. ಯಾಕೆಂದರೆ ನೆಂಟರ ಮಾತು ಕೇಳಿದ್ದರೆ ಗಟ್ಟಿ ಇರುವ ಭಾಗ ಕೆಡವಿ, ತುಕ್ಕು ಹಿಡಿದ ಮೋಲ್ಡಿನ ಕೆಳಗೆ ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದೆವು.

ಶ್ರಾವಣದಲ್ಲಿ ರಿಜಿಸ್ಟ್ರೇಷನ್ ಆಯಿತು. ಬಚ್ಚಲುಮನೆಗಳನ್ನು ಒಡೆಸಿ ಬೇರೆ ಕಡೆ ಕಟ್ಟಿಸಿದ್ದೇವೆ, ವೈರಿಂಗ್ ಮುಗಿದಿದೆ. ಕೊಳೆತ ತುದಿಯನ್ನು ಕತ್ತರಿಸಿ ಹೊಸ ತೇಗ ಬೆಸೆದು, ಕೆಳಗೆ ಕಲ್ಲಿನ ಆಸರೆ ಕೊಟ್ಟಿದ್ದಾರೆ. ತಾರಸಿಯ ಪದರ ತೆಗೆಯುವ ಕೆಲಸ ಬಾಕಿ. ಅದನ್ನು ಬ್ರೇಕರ್ ಮೆಷಿನ್ ಹಾಕದೆ ಉಳಿಯಲ್ಲೇ ಸ್ವಲ್ಪ ಸ್ವಲ್ಪ ಬಿಡಿಸಬೇಕು, ಕೆಳಗಿನ ಸುಣ್ಣದ ಹಾಸು ಅದುರಬಾರದು. ಗಾರೆ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಶ್ರೀರಂಗಪಟ್ಟಣದ ಕಡೆಯಿಂದ ಬಂದು ನೋಡಿ ಹೋಗಿದ್ದಾರೆ. ಸುಣ್ಣ ಕೊಳೆಹಾಕಲು ಹಿತ್ತಿಲಲ್ಲಿ ಗುಂಡಿ ತೆಗೆಸಿಡಿ, ಶಿವರಾತ್ರಿ ಕಳೆದ ಮೇಲೆ ಶುರು ಮಾಡೋಣ ಅಂದಿದ್ದಾರೆ.