ಲ್ಯಾಬಲ್ಲಿ ವ್ಯಾಕ್ಸ್ ಇಡೋದು, ಕರಗಿಸೋದು: ನನ್ನ ಅನುಭವ

ಹಲ್ಲಿನ ಸೆಟ್ಟು, ಕ್ಯಾಪ್ ತಯಾರಿಸುವ ಡೆಂಟಲ್ ಲ್ಯಾಬಲ್ಲಿ ಎಲ್ಲರೂ ಹೆದರುವುದು ಆಸಿಡ್‌ಗೆ, ಮಾನೋಮರ್ (ಆಕ್ರಿಲಿಕ್ ಮಾಡಲು ಪುಡಿಗೆ ಬೆರೆಸುವ ದ್ರವ) ವಾಸನೆಗೆ, ಗ್ರೈಂಡಿಂಗ್ ಧೂಳಿಗೆ. ವ್ಯಾಕ್ಸ್‌ಗೆ, ಅಂದರೆ ಮೇಣಕ್ಕೆ, ಯಾರೂ ಹೆದರುವುದಿಲ್ಲ. ಗುಲಾಬಿ ಬಣ್ಣದ ಹಾಳೆ, ಮುಟ್ಟಿದರೆ ಏನೂ ಆಗಲ್ಲ, ಇದಕ್ಕೆಲ್ಲಾ ಯಾಕೆ ಸೇಫ್ಟಿ ಅಂತ ಕೇಳುತ್ತಾರೆ. ನಿಜ, ತಣ್ಣಗಿರುವಾಗ ಅದು ಸಾಧು ವಸ್ತುವೇ. ಆದರೆ ಹಲ್ಲಿನ ಆಕಾರವನ್ನು ಮೊದಲು ವ್ಯಾಕ್ಸಿನಲ್ಲಿ ಮಾಡಿಕೊಳ್ಳುವ ನಮ್ಮ ಕೆಲಸ ಇರುವುದೇ ಅದನ್ನು ಬಿಸಿ ಮಾಡುವುದರಲ್ಲಿ ಅಲ್ವಾ? ಡ್ರಾಯರ್‌ನಲ್ಲಿ ವ್ಯಾಕ್ಸ್ ಕೆಡುವುದಕ್ಕೂ ಬೆಂಚಿನ ಮೇಲೆ ಕೈ ಸುಡುವುದಕ್ಕೂ ಕಾರಣ ಒಂದೇ, ಎಲ್ಲೋ ಜಾಸ್ತಿಯಾದ ಬಿಸಿ. ಅದಕ್ಕೇ ನಾನು ಇವೆರಡನ್ನೂ ಬೇರೆ ಬೇರೆ ವಿಷಯ ಅಂತ ನೋಡುವುದಿಲ್ಲ.

ಮೊದಲು ಇಡುವ ಜಾಗ. ಹಾಳೆಯಾಗಿ ಬರುವ ಮಾಡೆಲಿಂಗ್ ವ್ಯಾಕ್ಸಿನಲ್ಲಿ ಹೆಚ್ಚಿನ ಪಾಲು ಪ್ಯಾರಾಫಿನ್. ಜೊತೆಗೆ ಜೇನುಮೇಣ, ಕಾರ್ನೌಬಾ (ತಾಳೆ ಜಾತಿಯ ಮರದ ಎಲೆಯ ಮೇಣ), ಸ್ವಲ್ಪ ರಾಳ, ಬಣ್ಣ. ಜೇನುಮೇಣ 62ರಿಂದ 65 ಡಿಗ್ರಿಗೆ ಕರಗುತ್ತದೆ, ಕಾರ್ನೌಬಾಗೆ 80ರ ಮೇಲೆ ಬೇಕು. ಹೀಗೆ ಬೆರಕೆ ಆಗಿರುವುದರಿಂದ ಅದು ಒಂದೇ ಡಿಗ್ರಿಗೆ ಫಕ್ಕನೆ ಕರಗುವುದಿಲ್ಲ, ಕರಗುವುದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ, ಬಾಗಿ, ಪಕ್ಕದ ಹಾಳೆಗೆ ಅಂಟಿಕೊಂಡಿರುತ್ತದೆ. ಬಿಸಿಲು ಬೀಳುವ ಕಿಟಕಿ, ಫರ್ನೇಸ್ ಪಕ್ಕದ ಶೆಲ್ಫ್, ಬೆಂಚಿನ ಲೈಟ್ ಕೆಳಗೆ, ಇವು ಯಾವುವೂ ಬೇಡ. ನಾನು ಇಡುವುದು ಫರ್ನೇಸ್‌ನಿಂದ ದೂರದ ಗೋಡೆಯಲ್ಲಿ, ಕೆಳಗಿನ ಡ್ರಾಯರ್‌ನಲ್ಲಿ, ಯಾಕೆಂದರೆ ರೂಮಿನ ಬಿಸಿ ಗಾಳಿ ಮೇಲಿನ ಕಪಾಟಿನ ಹತ್ತಿರವೇ ನಿಲ್ಲುತ್ತದೆ. ಹಾಳೆಗಳು ಮಲಗಿರಬೇಕು, ನಿಲ್ಲಿಸಿದರೆ ತಮ್ಮ ತೂಕಕ್ಕೆ ತಾವೇ ಬಾಗುತ್ತವೆ. ಮಧ್ಯದ ಕಾಗದ ತೆಗೆಯುವುದಿಲ್ಲ. ಡ್ರಾಯರ್ ಒಳಗೆ ಒಂದು ಸಣ್ಣ ಥರ್ಮಾಮೀಟರ್ ಇದೆ, 25 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳುತ್ತೇನೆ.

ಹಾಗಾದರೆ ಫ್ರಿಡ್ಜ್‌ನಲ್ಲಿ ಇಟ್ಟುಬಿಡೋಣ ಅನ್ನುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ತೀರಾ ತಣ್ಣಗಾದ ಹಾಳೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ಹೊರಗೆ ತೆಗೆದ ಕೂಡಲೇ ಮೇಲೆ ನೀರಿನ ಪಸೆ ಕೂರುತ್ತದೆ, ಆ ಪಸೆಯೊಂದಿಗೆ ಬಿಸಿ ಚಾಕು ತಾಗಿದರೆ ಚಿಟಚಿಟ ಅಂತ ಸಿಡಿಯುತ್ತದೆ. ತಂಪಾದ ಒಣ ಡ್ರಾಯರ್ ಸಾಕು.

ಡಬ್ಬಿಯ ಮೇಲಿನ ಲೇಬಲ್, ಬ್ಯಾಚ್ ನಂಬರ್, ಸೇಫ್ಟಿ ಶೀಟ್ ಇವನ್ನು ಸುಮ್ನೆ ಎಸೆಯಬೇಡಿ. ತುಂಡುಗಳನ್ನು ತಾತ್ಕಾಲಿಕವಾಗಿ ಅಂಟಿಸುವ ಸ್ಟಿಕಿ ವ್ಯಾಕ್ಸ್ ಕಡ್ಡಿಯಲ್ಲಿ ರಾಳ ಜಾಸ್ತಿ. ಬಿಸಿ ರಾಳದ ಹೊಗೆ ಕೆಲವರಿಗೆ ಅಲರ್ಜಿ, ಉಬ್ಬಸ ತರಿಸುತ್ತದೆ. ಯಾವ ಕಡ್ಡಿ ಯಾವುದು ಅಂತ ಗೊತ್ತಿದ್ದರೆ ತಾನೇ ಹೊಸದಾಗಿ ಬಂದವರಿಗೆ ಹೇಳಲು ಸಾಧ್ಯ. ಲೋಹದ ಎರಕಕ್ಕೆ ಮಾದರಿ ಮಾಡುವ ಇನ್ಲೇ ವ್ಯಾಕ್ಸ್ ಅಂತೂ ಪೂರ್ತಿ ಬೇರೆ ಡಬ್ಬಿಯಲ್ಲಿ, ಮುಚ್ಚಳ ಬಿಗಿಯಾಗಿ. ಅದು 500 ಡಿಗ್ರಿಯಲ್ಲಿ ಉರಿದ ಮೇಲೆ ಉಳಿಯುವ ಬೂದಿ 0.1 ಶೇಕಡಕ್ಕಿಂತ ಜಾಸ್ತಿ ಇರಬಾರದು ಅನ್ನುವ ಲೆಕ್ಕದಲ್ಲಿ ತಯಾರಾಗಿರುತ್ತದೆ. ನಾವು ಪ್ಲಾಸ್ಟರ್ ಮಾಡೆಲ್ ಉಜ್ಜುವ ಟ್ರಿಮ್ಮರ್ ಪಕ್ಕದಲ್ಲಿ ಡಬ್ಬಿ ತೆರೆದಿಟ್ಟು ಪ್ಲಾಸ್ಟರ್ ಧೂಳು ತುಂಬಿಸಿದರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ, ಕಾಸ್ಟಿಂಗಿನಲ್ಲಿ (ಲೋಹದ ಎರಕದಲ್ಲಿ) ತೂತು ಬಂದಾಗ ಎಲ್ಲರೂ ಮೆಟಲನ್ನು ಬೈಯುತ್ತಾರೆ.

ಬಾಯಿಗೆ ಹೋಗಿ ಬಂದ ವ್ಯಾಕ್ಸ್ ಇನ್ನೊಂದು ಕಥೆ. ಬೈಟ್ ರಿಮ್ (ರೋಗಿ ಹೇಗೆ ಕಚ್ಚುತ್ತಾರೆ ಅಂತ ದಾಖಲಿಸುವ ವ್ಯಾಕ್ಸ್ ದಿಂಡು) ಬಂದ ಕೂಡಲೇ ತೊಳೆದು ಡಿಸಿನ್ಫೆಕ್ಟೆಂಟ್ ಸ್ಪ್ರೇ ಮಾಡಿ, ಅದರ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ತಣ್ಣೀರಲ್ಲಿ ತೊಳೆದ ಮೇಲೆಯೇ ಬೆಂಚಿಗೆ. ಬಿಸಿನೀರು ಹಾಕಿದರೆ ಬೈಟೇ ಹೋಯಿತು. ಅದರಿಂದ ಕೆತ್ತಿದ ಚೂರು ಮತ್ತೆ ಒಳ್ಳೆಯ ವ್ಯಾಕ್ಸಿನ ಡಬ್ಬಿಗೆ ಹೋಗುವಂತಿಲ್ಲ, ಎಷ್ಟೇ ಚೆನ್ನಾಗಿ ಕಂಡರೂ ಕಸಕ್ಕೇ.

ಈಗ ಬೆಂಚು. ಇಲ್ಲಿ ನಿಜವಾದ ಕಷ್ಟ ಜ್ವಾಲೆಯದು. ಬೆಳಕು ಜಾಸ್ತಿ ಇರುವ ರೂಮಿನಲ್ಲಿ ಸ್ಪಿರಿಟ್ ಲ್ಯಾಂಪಿನ ಉರಿ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಬಾಟಲಿಯಿಂದ ಸ್ಪಿರಿಟ್ ಸುರಿದರೆ ಉರಿ ಬಾಟಲಿಗೇ ಹಾರುತ್ತದೆ. ನನ್ನ ಬೆಂಚಿನಲ್ಲಿ ಲ್ಯಾಂಪ್ ತುಂಬಿಸುವುದು ಬೆಳಿಗ್ಗೆ ಒಂದೇ ಸಲ, ತಣ್ಣಗಿರುವಾಗ, ಸಿಂಕ್ ಹತ್ತಿರ. ಮಧ್ಯದಲ್ಲಿ ಖಾಲಿಯಾದರೆ ಮುಚ್ಚಳ ಹಾಕಿ ಆರಿಸಿ, ಬತ್ತಿ ತಣ್ಣಗಾಗುವ ತನಕ ಬೇರೆ ಕೆಲಸ. ಆಕ್ರಿಲಿಕ್ ಪ್ಯಾಕ್ ಮಾಡುವ (ಅಚ್ಚಿಗೆ ತುಂಬುವ) ಮೇಜು ಈ ಬೆಂಚಿನಿಂದ ದೂರ ಇರಲೇಬೇಕು. ಮಾನೋಮರ್‌ಗೆ ಬೆಂಕಿ ಹತ್ತಲು 10 ಡಿಗ್ರಿ ಆಸುಪಾಸಿನ ತಾಪವೇ ಸಾಕು, ಅಂದರೆ ಮಾಮೂಲಿ ರೂಮಿನಲ್ಲಿ ಅದರ ಆವಿ ಯಾವಾಗಲೂ ಕಿಡಿಗೆ ಕಾಯುತ್ತಲೇ ಇರುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ತೆವಳಿಕೊಂಡು ಬರುತ್ತದೆ.

ಚಾಕು ಕಾಯಿಸುವ ರೀತಿಯಲ್ಲೂ ಒಂದು ಗುಟ್ಟಿದೆ. ಕರಗಿದ ವ್ಯಾಕ್ಸ್ ಉಪಕರಣದ ಮೇಲೆ ಬಿಸಿ ಜಾಗದಿಂದ ತಣ್ಣಗಿರುವ ಕಡೆಗೆ ಓಡುತ್ತದೆ. ತುದಿಯನ್ನು ಉರಿಗೆ ಹಿಡಿದರೆ ವ್ಯಾಕ್ಸ್ ಹಿಡಿಯ ಕಡೆಗೆ, ಅಂದರೆ ನಿಮ್ಮ ಬೆರಳಿನ ಕಡೆಗೆ ಏರುತ್ತದೆ. ತುದಿಗಿಂತ ಸ್ವಲ್ಪ ಹಿಂದೆ ಕಾಯಿಸಿದರೆ ತುದಿಗೆ ಇಳಿದು ಹನಿಯಾಗಿ ನಿಲ್ಲುತ್ತದೆ, ಡೈ (ಹಲ್ಲಿನ ಪ್ಲಾಸ್ಟರ್ ಪ್ರತಿ) ಮೇಲೆ ಬೇಕಾದ ಕಡೆ ತಾಗಿಸಿದರೆ ಅಲ್ಲೇ ಹರಿಯುತ್ತದೆ. ಇದನ್ನು ಕೈಗೆ ಅಭ್ಯಾಸ ಮಾಡಿಸಿದರೆ ಬೆರಳು ಉಳಿಯುತ್ತದೆ, ಕ್ರೌನ್ ಪ್ಯಾಟರ್ನೂ (ಕ್ಯಾಪಿನ ವ್ಯಾಕ್ಸ್ ಮಾದರಿ) ನೀಟಾಗಿ ಬರುತ್ತದೆ. ಉರಿ ಹತ್ತಿರ ಕೆಲಸ ಮಾಡುವಾಗ ನಾನು ಗ್ಲೌಸ್ ಹಾಕುವುದಿಲ್ಲ, ತೆಳು ಗ್ಲೌಸ್ ಕರಗಿ ಚರ್ಮಕ್ಕೇ ಅಂಟುತ್ತದೆ. ಕಣ್ಣಿಗೆ ಕನ್ನಡಕ, ಕೂದಲು ಕಟ್ಟಿ, ತೋಳು ಮಡಚಿ. ಅಷ್ಟೇ.

ಆದರೂ ನನ್ನ ಕೇಳಿದರೆ, ಆಗುವ ಕಡೆಯೆಲ್ಲಾ ಎಲೆಕ್ಟ್ರಿಕ್ ವ್ಯಾಕ್ಸರ್ (ಕರೆಂಟಿನಲ್ಲಿ ಬಿಸಿಯಾಗುವ ಚಾಕು) ಮತ್ತು ಥರ್ಮೋಸ್ಟಾಟ್ ಇರುವ ವ್ಯಾಕ್ಸ್ ಪಾಟ್ ಇಟ್ಟುಕೊಳ್ಳಿ. ಪಾತ್ರೆಯಲ್ಲಿ ವ್ಯಾಕ್ಸ್ ಹಾಕಿ ನೇರ ಉರಿ ಮೇಲೆ ಇಡುವುದು ನನಗೆ ನೋಡಲೂ ಆಗುವುದಿಲ್ಲ. ಪ್ಯಾರಾಫಿನ್ ಸುಮಾರು 200 ಡಿಗ್ರಿ ಮುಟ್ಟಿದರೆ ಅದರ ಆವಿಗೆ ಬೆಂಕಿ ಹತ್ತಬಹುದು. ಅದಕ್ಕೆ ಮೊದಲೇ ಹೊಗೆ ಬರುತ್ತದೆ, ಮೂಗು ಉರಿಯುತ್ತದೆ. ಹೊಗೆ ಕಂಡರೆ ಪಾಟ್ ಆಗಲೇ ಜಾಸ್ತಿ ಬಿಸಿ ಅಂತ ಅರ್ಥ. ಸ್ವಿಚ್ ಆಫ್ ಮಾಡುವುದು, ಎಕ್ಸಾಸ್ಟ್ ಫ್ಯಾನ್ ಹಾಕುವುದು. ಪ್ಯಾರಾಫಿನ್ ಹೊಗೆಗೆ ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಸೂಚಿಸಿರುವ ಮಿತಿ ಗಾಳಿಯ ಒಂದು ಘನ ಮೀಟರಿಗೆ ಬರೀ 2 ಮಿಲಿಗ್ರಾಂ.

ಅಕಸ್ಮಾತ್ ಪಾಟ್‌ಗೆ ಬೆಂಕಿ ಹಿಡಿದರೆ ನೀರು ಹಾಕಲೇಬೇಡಿ. ನೀರು ವ್ಯಾಕ್ಸಿಗಿಂತ ಭಾರ, ತಳಕ್ಕೆ ಹೋಗಿ ಅಲ್ಲಿ ಹಬೆಯಾಗುತ್ತದೆ, ಹಬೆಯಾದಾಗ ಅದರ ಗಾತ್ರ ಸುಮಾರು 1700 ಪಟ್ಟು ಹಿಗ್ಗುತ್ತದೆ, ಉರಿಯುವ ವ್ಯಾಕ್ಸನ್ನೆಲ್ಲಾ ಎತ್ತಿ ಮೇಲೆ ಎಸೆಯುತ್ತದೆ. ಪಾಟ್ ಎತ್ತಿಕೊಂಡು ಹೊರಗೆ ಓಡುವುದೂ ಬೇಡ. ಸ್ವಿಚ್ ಆಫ್ ಮಾಡಿ ಲೋಹದ ಮುಚ್ಚಳ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ. ನನ್ನ ಪಾಟ್‌ನ ಮುಚ್ಚಳ ಯಾವಾಗಲೂ ಅದರ ಬಲಗಡೆಯೇ ಇರುತ್ತದೆ, ಡ್ರಾಯರ್ ಒಳಗೆ ಅಲ್ಲ. ಡ್ರೈ ಪೌಡರ್ ಎಕ್ಸ್‌ಟಿಂಗ್ವಿಶರ್ ಬಾಗಿಲ ಹತ್ತಿರ.

ಬಿಸಿ ವ್ಯಾಕ್ಸ್ ಕೈ ಮೇಲೆ ಬಿದ್ದರೆ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಅಲ್ಲೇ ಕೂತು ಸುಡುತ್ತಾ ಇರುತ್ತದೆ. ಕಿತ್ತು ತೆಗೆಯಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ನಲ್ಲಿ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಐಸ್ ಬೇಡ. ಗಟ್ಟಿಯಾಗಿ ಅಂಟಿಕೊಂಡಿದ್ದನ್ನು ಡಾಕ್ಟರ್ ತೆಗೆಯಲಿ, ಕಣ್ಣು ಮುಖ ಆದರಂತೂ ತಡ ಮಾಡಬೇಡಿ.

ಡಿವ್ಯಾಕ್ಸಿಂಗ್, ಅಂದರೆ ಅಚ್ಚಿನೊಳಗಿನ ವ್ಯಾಕ್ಸ್ ತೆಗೆಯುವ ಕೆಲಸ, ಮಾಡುವಾಗ ಫ್ಲಾಸ್ಕನ್ನು (ಪ್ಲಾಸ್ಟರ್ ಅಚ್ಚು ಇರುವ ಲೋಹದ ಪೆಟ್ಟಿಗೆ) ಕುದಿಯುವ ನೀರಿನಲ್ಲಿ 5 ನಿಮಿಷದಷ್ಟು ಮಾತ್ರ ಬಿಡುತ್ತೇನೆ. ವ್ಯಾಕ್ಸ್ ಮೆತ್ತಗಾದರೆ ಸಾಕು, ತೆರೆದಾಗ ಮುಕ್ಕಾಲು ಪಾಲು ಒಂದೇ ತುಂಡಾಗಿ ಎದ್ದು ಬರುತ್ತದೆ. ಜಾಸ್ತಿ ಬಿಟ್ಟರೆ ಕರಗಿ ಪ್ಲಾಸ್ಟರ್ ಒಳಗೆ ಇಳಿಯುತ್ತದೆ, ಆಮೇಲೆ ಆಕ್ರಿಲಿಕ್ ಪ್ಲಾಸ್ಟರಿಗೆ ಅಂಟದಂತೆ ಹಚ್ಚುವ ಸೆಪರೇಟಿಂಗ್ ಮೀಡಿಯಂ ಹಿಡಿಯುವುದಿಲ್ಲ. ಉಳಿದದ್ದನ್ನು ತೊಳೆಯಲು ಹೊಸ ಕುದಿನೀರು, ಉದ್ದ ಇಕ್ಕಳ, ಮುಖಕ್ಕೆ ಶೀಲ್ಡ್. ತೊಳೆದ ನೀರು ಬಕೆಟ್‌ಗೆ, ಸಿಂಕ್‌ಗೆ ಅಲ್ಲ. ತಣ್ಣಗಾದ ಮೇಲೆ ವ್ಯಾಕ್ಸ್ ಮೇಲೆ ತೇಲಿ ಹಪ್ಪಳದ ಹಾಗೆ ಗಟ್ಟಿಯಾಗಿರುತ್ತದೆ, ಎತ್ತಿ ಕಸಕ್ಕೆ ಹಾಕಿದರಾಯಿತು.

ಮುಗಿಸಿದ ಪ್ಯಾಟರ್ನನ್ನೂ ಜನ ಡಬ್ಬಿಯಲ್ಲಿಟ್ಟು ಮನೆಗೆ ಹೋಗುತ್ತಾರೆ. ನಾವು ಬಳಸುವ ವಸ್ತುಗಳಲ್ಲಿ ಬಿಸಿಗೆ ಅತಿ ಜಾಸ್ತಿ ಹಿಗ್ಗಿ ಕುಗ್ಗುವುದೇ ವ್ಯಾಕ್ಸ್. ಬಗ್ಗಿಸಿ ಒತ್ತಿದ ಒತ್ತಡವೂ ಒಳಗೇ ಉಳಿದಿರುತ್ತದೆ, ಹೊತ್ತು ಕಳೆದಂತೆ ಅದು ಬಿಡಿಸಿಕೊಂಡು ಆಕಾರ ಕೆಡಿಸುತ್ತದೆ. ಡೈನಿಂದ ತೆಗೆದ ಪ್ಯಾಟರ್ನನ್ನು ನಾನು ಅರ್ಧ ಗಂಟೆಯೊಳಗೆ ಇನ್ವೆಸ್ಟ್ ಮಾಡುತ್ತೇನೆ (ಎರಕದ ಅಚ್ಚಿನ ಮಿಶ್ರಣದಲ್ಲಿ ಹುದುಗಿಸುತ್ತೇನೆ). ಆಗದಿದ್ದರೆ ಡೈ ಮೇಲೇ ಬಿಟ್ಟು, ಮರುದಿನ ಮಾರ್ಜಿನ್ (ಅಂಚು) ಮತ್ತೆ ಕರಗಿಸಿ ಕೂರಿಸಿಯೇ ಮುಂದಿನ ಕೆಲಸ.

ಕೊನೆಗೆ ನೆಲ. ಬಿದ್ದ ಹನಿಗಳನ್ನು ಆವತ್ತೇ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ. ಬಿಸಿನೀರು ಹಾಕಿ ಒರೆಸಿದರೆ ತೆಳುವಾಗಿ ಹರಡಿ ಇಡೀ ನೆಲ ಜಾರುತ್ತದೆ, ಫರ್ನೇಸ್‌ನಿಂದ ಕೆಂಪಗೆ ಕಾದ ರಿಂಗ್ (ಎರಕದ ಅಚ್ಚು ಇರುವ ಲೋಹದ ಬಳೆ) ಹಿಡಿದು ಯಾರೋ ನಡೆದು ಬರುವುದೂ ಅದೇ ದಾರಿಯಲ್ಲಿ.