ಧಾರವಾಡದಲ್ಲಿ ವಿದ್ಯಾರ್ಥಿಗಳಿಗೆ ಮನೆ ಬಾಡಿಗೆ ಕೊಡುವವರು ತಿಳಿದಿರಬೇಕಾದದ್ದು

ಧಾರವಾಡದಲ್ಲಿ ಖೋಲಿ ಹುಡುಕುವವರು ಎರಡು ಬಗೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಡಿಗ್ರಿ ಮತ್ತು ಪಿಯು ಕಾಲೇಜುಗಳಿಗೆ ಬರುವವರು ಜೂನ್-ಜುಲೈನಲ್ಲಿ ಬಂದು ಪರೀಕ್ಷೆ ಮುಗಿಸಿ ಹೋಗುತ್ತಾರೆ. ಸಪ್ತಾಪುರದ ಕೋಚಿಂಗ್ ಕ್ಲಾಸುಗಳಿಗೆ ಕೆಎಎಸ್, ಪಿಎಸ್‌ಐ, ಎಫ್‌ಡಿಎಯಂಥ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಬರುವವರಿಗೆ ಇಂಥದೇ ತಿಂಗಳು ಅಂತಿಲ್ಲ. ಮೂರು ತಿಂಗಳಿಗೆ ಬಿಡಬಹುದು, ಪರೀಕ್ಷೆ ಮುಂದೆ ಹೋದರೆ ಎರಡು ವರ್ಷ ಇರಬಹುದು. ಯಾರೇ ಬರಲಿ, ಆರು ಜನ ವಿದ್ಯಾರ್ಥಿಗಳು ಇರುವ ಮನೆಯನ್ನು ಒಂದು ಸಂಸಾರ ಎಂದು ಲೆಕ್ಕ ಹಾಕಬೇಡಿ. ಅಲ್ಲಿ ಆರು ಬಕೆಟ್, ಆರು ಬೀಗ, ಆರು ಚಾರ್ಜರ್, ಊರಲ್ಲಿ ಆರು ಜೊತೆ ತಂದೆತಾಯಿ. ನೀರು, ಕರೆಂಟು, ಕರಾರು ಮೂರನ್ನೂ ಈ ಲೆಕ್ಕದ ಮೇಲೆಯೇ ಹೊಂದಿಸಬೇಕು.

ಮೊದಲು ನೀರು. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರದ ಮನೆಗಳಿಗೆ ಎಂಜಿನಿಯರುಗಳು ಹಿಡಿಯುವ ಪ್ರಮಾಣ. ಆರು ಜನರಿಗೆ 810 ಲೀಟರ್. 500 ಲೀಟರಿನ ಟ್ಯಾಂಕ್ ಇರುವ ಮನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ನಳ ಒಣಗುತ್ತದೆ, ನಿಮ್ಮ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. 1,000 ಲೀಟರಿನ ಟ್ಯಾಂಕ್ ಬೇಕೇ ಬೇಕು. ದಿನವಿಡೀ ನೀರು ಬರುವ ವಾರ್ಡಾದರೆ ಅಷ್ಟು ಸಾಕು. ಐದಾರು ದಿನಕ್ಕೊಮ್ಮೆ ನೀರು ಬಿಡುವ ಕಡೆ ಆರು ದಿನಕ್ಕೆ 4,860 ಲೀಟರ್ ಆಗುತ್ತದೆ. 6,000 ಲೀಟರಿನ ಸಂಪ್ ಇಲ್ಲದಿದ್ದರೆ ಟ್ಯಾಂಕರ್ ತರಿಸಬೇಕಾಗುತ್ತದೆ. ಮೋಟರಿಗೆ ಆಟೊಮ್ಯಾಟಿಕ್ ಕಂಟ್ರೋಲರ್ ಹಾಕಿಸಿ. ಯಾರಾದರೂ ಮೋಟರ್ ಹಾಕಲಿ ಎಂದು ಆರೂ ಜನ ಕಾಯುತ್ತಾರೆ, ಹಾಕಿದವನು ಕ್ಲಾಸಿಗೆ ಹೊರಟುಬಿಡುತ್ತಾನೆ. ಕಂಟ್ರೋಲರಿನ ಒಂದು ಸೆನ್ಸರ್ ಮೇಲಿನ ಟ್ಯಾಂಕಿನಲ್ಲಿ, ಇನ್ನೊಂದು ಸಂಪಿನಲ್ಲಿ ಇರಲಿ. ಸಂಪಿನದನ್ನು ಬಿಟ್ಟರೆ ಖಾಲಿ ಸಂಪಿನ ಮೇಲೆ ಓಡಿ ಮೋಟರ್ ಸುಡುತ್ತದೆ.

ಬಚ್ಚಲು ಮತ್ತು ಸಂಡಾಸು ನಾಲ್ಕು ಜನಕ್ಕೆ ಒಂದರಂತೆ ಇದ್ದರೆ ಬೆಳಗಿನ ಗದ್ದಲ ತಡೆಯಬಹುದು. ಎರಡನ್ನೂ ಬೇರೆ ಬೇರೆ ಕಟ್ಟಿಸಿದರೆ ಅಟ್ಯಾಚ್ಡ್‌ಗಿಂತ ಅನುಕೂಲ: ಒಬ್ಬ ಸ್ನಾನಕ್ಕೆ ಹೋದರೆ ಇನ್ನೊಬ್ಬ ಕಾಯಬೇಕಿಲ್ಲ.

ಕರೆಂಟಿನ ವಿಷಯದಲ್ಲಿ ಜೀವದ ಪ್ರಶ್ನೆಯೇ ಇದೆ. ಎರಡು ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಎರಡು ಕಿಲೋವ್ಯಾಟ್ ಇಂಡಕ್ಷನ್ ಒಲೆಯೂ ಅಷ್ಟೇ. ಹಳೆಯ ಮನೆಗಳ 6 ಆಂಪಿಯರ್ ಸಾಕೆಟ್ಟಿಗೆ ಇವನ್ನು ಚುಚ್ಚಿದರೆ ಮೊದಲು ಪ್ಲಗ್ಗಿನ ಸುತ್ತ ಕಂದು ಬಣ್ಣ ಕಾಣುತ್ತದೆ, ಆಮೇಲೆ ಸಾಕೆಟ್ ಕರಗುತ್ತದೆ. ಗೀಸರಿಗೂ ಅಡುಗೆಕಟ್ಟೆಗೂ ಬೋರ್ಡಿನಿಂದಲೇ 2.5 ಚದರ ಮಿ.ಮೀ. ತಾಮ್ರದ ವೈರಿನ ಪ್ರತ್ಯೇಕ ಲೈನ್, 16 ಆಂಪಿಯರ್ ಸಾಕೆಟ್, ಅದಕ್ಕೆ ತನ್ನದೇ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಕೊಡಿಸಿ. ಎಂಸಿಬಿ ಪದೇ ಪದೇ ಬೀಳುತ್ತದೆ ಎಂದು ವೈರ್ ಬದಲಿಸದೆ ದೊಡ್ಡ ಎಂಸಿಬಿ ಹಾಕಿಸಬೇಡಿ. ಆಗ ಸ್ವಿಚ್ ಬೀಳುವುದಿಲ್ಲ, ಗೋಡೆಯೊಳಗಿನ ವೈರ್ ಬಿಸಿಯಾಗುತ್ತದೆ. ಮುಖ್ಯ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸೋರಿಕೆ ತಡೆಯುವ ಸ್ವಿಚ್ ಇರಲೇಬೇಕು. ಬೇಡ ಎಂದು ನೀವು ಎಷ್ಟೇ ಹೇಳಿದರೂ ಯಾರೋ ಒಬ್ಬರು ನೀರು ಕಾಯಿಸುವ ಕಾಯಿಲ್ ತಂದು ಬಕೆಟ್ಟಿನಲ್ಲಿ ಇಟ್ಟೇ ಇಡುತ್ತಾರೆ. ಅದರಿಂದ ಕರೆಂಟ್ ಸೋರಿದರೆ ಸೆಕೆಂಡಿನೊಳಗೆ ಲೈನ್ ಕಡಿಯುವುದು ಈ ಆರ್‌ಸಿಸಿಬಿ ಮಾತ್ರ. ವೈರಿಂಗ್ ಆದಮೇಲೆ ಮನೆಯ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ, ಕಡಿಮೆಯಿದ್ದರೆ ಹೆಸ್ಕಾಂನಲ್ಲಿ ಹೆಚ್ಚಿಸಿಕೊಳ್ಳಿ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಬಾಡಿಗೆದಾರರೂ ತಮ್ಮ ಆಧಾರ್ ಕೊಟ್ಟು ಮನೆಯ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿಗೆ ಅರ್ಜಿ ಹಾಕಬಹುದು. ಆದರೆ ಉಚಿತದ ಮಿತಿ ನಿಂತಿರುವುದು ಹಿಂದಿನ ಸರಾಸರಿ ಬಳಕೆಯ ಮೇಲೆ, ಅದಕ್ಕೆ ಶೇಕಡಾ 10, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್ ಸೇರಿಸಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸಣ್ಣ ಸಂಸಾರ ಇದ್ದ ಮನೆಗೆ ಆರು ಜನ ಬಂದರೆ ಬಿಲ್ ಬರುವುದು ಸಹಜ. ‘ಕರೆಂಟ್ ಫ್ರೀ’ ಎಂದು ಹೇಳಿ ಖೋಲಿ ಕೊಟ್ಟರೆ ಜಗಳ ತಪ್ಪಿದ್ದಲ್ಲ. ಹಳಬರು ಬಿಟ್ಟು ಹೋಗುವಾಗ ಅವರ ಆಧಾರ್ ಜೋಡಣೆ ತೆಗೆಸಿಯೇ ಕಳಿಸಿ, ಇಲ್ಲದಿದ್ದರೆ ಹೊಸಬರ ಅರ್ಜಿ ನಿಲ್ಲುತ್ತದೆ.

ಇನ್ನು ಕರಾರು ಪತ್ರ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು 1908ರ ನೋಂದಣಿ ಕಾಯಿದೆ ಪ್ರಕಾರ ನೋಂದಾಯಿಸಬೇಕು, ಅದಕ್ಕೇ ಎಲ್ಲರೂ 11 ತಿಂಗಳು ಬರೆಸುತ್ತಾರೆ. ಕಾಲೇಜಿನವರಿಗೆ ಇದು ಚೆನ್ನಾಗಿ ಹೊಂದುತ್ತದೆ: ಜುಲೈ 1ರಿಂದ ಮೇ 31. ಪಿಯು ಓದುವ ಬಹುತೇಕರಿಗೆ 18 ತುಂಬಿರುವುದಿಲ್ಲ, ಅಂಥವರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ತಂದೆಯೋ ತಾಯಿಯೋ ಸಹಿ ಮಾಡಬೇಕು. 18 ದಾಟಿದವರಿಗೂ ಮನೆಯವರೊಬ್ಬರ ಜಾಮೀನು ಸಹಿ ಇರಲಿ. ಆಧಾರ್, ಕಾಲೇಜಿನ ಗುರುತಿನ ಚೀಟಿ, ಮನೆಯವರ ಫೋನ್ ನಂಬರ್ ಇಟ್ಟುಕೊಂಡು ಒಂದು ಪ್ರತಿ ಪೊಲೀಸ್ ಠಾಣೆಗೆ ಕೊಡಿ. ಜಾತಿ ಕೇಳುವ ಪದ್ಧತಿ ಇನ್ನೂ ಇದೆ, ಅದನ್ನು ಬಿಡಬೇಕು. ಬಾಡಿಗೆ ಕಟ್ಟುವ ಶಕ್ತಿ, ಮನೆಯವರ ಸಂಪರ್ಕ, ಎಷ್ಟು ದಿನ ಇರುತ್ತಾರೆ ಎಂಬುದು ಗೊತ್ತಾದರೆ ಮಾಲಕರಿಗೆ ಬೇರೇನೂ ಬೇಕಿಲ್ಲ.

ಜಗಳ ಹುಟ್ಟುವುದು ಹೆಚ್ಚಾಗಿ ಒಬ್ಬ ನಡುವೆ ಬಿಟ್ಟು ಹೋದಾಗ. ಸೆಪ್ಟೆಂಬರಿನಲ್ಲಿ ಸಿಇಟಿಯ ಕೊನೆಯ ಸುತ್ತಿನಲ್ಲಿ ಬೇರೆ ಊರಿನಲ್ಲಿ ಸೀಟು ಸಿಕ್ಕಿ ಒಬ್ಬ ಹೊರಟರೆ, ಅವನ ಪಾಲು ಕೊಡಲು ಉಳಿದ ಐವರು ಒಪ್ಪುವುದಿಲ್ಲ. ಗೆಳೆಯರೇ ಗುಂಪಾಗಿ ಮನೆ ಹಿಡಿದರೆ ಒಂದೇ ಕರಾರು ಮಾಡಿ, ‘ಪೂರ್ತಿ ಬಾಡಿಗೆಗೆ ಎಲ್ಲರೂ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆ’ ಎಂದು ಬರೆಸಿ. ಪರಿಚಯವಿಲ್ಲದವರು ಬಂದರೆ ಖೋಲಿಗೊಂದು ಕರಾರು ಒಳ್ಳೆಯದು. ಖಾಲಿ ಉಳಿದ ಕಾಟಿನ ನಷ್ಟ ಆಗ ನಿಮ್ಮದು, ಬಾಡಿಗೆಯನ್ನು ಅದಕ್ಕೆ ತಕ್ಕಂತೆ ಇಡಿ. ಬಿಡುವವರು ಒಂದು ತಿಂಗಳು ಮೊದಲು ಹೇಳಬೇಕು. ಹೊಸಬರ ಡಿಪಾಜಿಟ್ ನಿಮ್ಮ ಖಾತೆಗೇ ಬರಲಿ, ಹಳಬರದನ್ನು ನೀವೇ ಮರಳಿಸಿ. ಅವರವರೇ ಕೈಬದಲು ಮಾಡಿಕೊಂಡರೆ ಮೇ ತಿಂಗಳಲ್ಲಿ ಯಾರ ಹಣ ನಿಮ್ಮಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಡಿಪಾಜಿಟ್ ಎರಡು ತಿಂಗಳ ಬಾಡಿಗೆಯಷ್ಟು ಸಾಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆಯೂ ವಾಸದ ಮನೆಗೆ ಅಷ್ಟೇ ಹೇಳುತ್ತದೆ. ಹಳ್ಳಿಯ ರೈತರ ಮನೆಯಿಂದ ಬರುವ ಮಕ್ಕಳಿಗೆ ಐದಾರು ತಿಂಗಳ ಡಿಪಾಜಿಟ್ ಹೊಂದಿಸುವುದು ನಿಜಕ್ಕೂ ಕಷ್ಟ.

ಸಾಮಾನಿನ ವಿಷಯದಲ್ಲಿ ಕಬ್ಬಿಣದ ಪೈಪಿನ ಕಾಟು, ಮೇಜು, ಬೀಗದ ಕಪಾಟು ಕೊಡಿ. ಗಾದಿ ಕೊಡಬೇಡಿ, ಅವರವರೇ ತರಲಿ. ಒಬ್ಬರ ಗಾದಿ ಇನ್ನೊಬ್ಬರಿಗೆ ಹೋದರೆ ತಗಣಿಯೂ ಹೋಗುತ್ತದೆ. ಗಾದಿಯ ಅಂಚಿನ ಹೊಲಿಗೆಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಸಾಲಾಗಿ ಕಂಡರೆ ಅದು ತಗಣಿಯ ಹಿಕ್ಕೆ. ಪ್ಲೈವುಡ್ ಕಾಟಿನ ಸಂದುಗಳಲ್ಲಿ ಅವು ಅಡಗುತ್ತವೆ, ಪೈಪಿನಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಔಷಧಿಯನ್ನು ಎರಡು ವಾರ ಬಿಟ್ಟು ಎರಡನೇ ಸಲ ಹೊಡೆಸಲೇಬೇಕು. ಮೊದಲ ಸಲ ಸಾಯದ ಮೊಟ್ಟೆಗಳು ಅಷ್ಟರಲ್ಲಿ ಮರಿಯಾಗಿರುತ್ತವೆ. ಬಾಗಿಲಿಗೆ ಕೊಂಡಿ ಹಾಕಿಸಿ, ಬೀಗ ಅವರದೇ ಇರಲಿ. ಮಳೆಗಾಲಕ್ಕೆ ತಾರಸಿಯಲ್ಲಿ ತಗಡಿನ ಕೆಳಗೆ ಬಟ್ಟೆಯ ಹಗ್ಗ ಕಟ್ಟಿಸಿ. ಖೋಲಿಯೊಳಗೆ ಒಣಹಾಕಿದ ಬಟ್ಟೆಯಿಂದ ಗೋಡೆ ಬೂಸ್ಟು ಹಿಡಿಯುತ್ತದೆ. ಊಟಕ್ಕೆ ಹತ್ತಿರ ಖಾನಾವಳಿ ಇದ್ದರೆ ನೀವು ಅಡುಗೆಗೆ ಕೈ ಹಾಕಬೇಡಿ, ಊಟ ಹಾಕಿದರೆ ಅದು ಪಿಜಿ ಆಗಿ ಪಾಲಿಕೆಯ ಲೈಸೆನ್ಸು, ಆಹಾರ ಸುರಕ್ಷತೆಯ ನೋಂದಣಿ ಎಲ್ಲವೂ ಬೇಕಾಗುತ್ತದೆ.

ಖೋಲಿಗೆ ಹೋಗುವುದಿದ್ದರೆ ಹಿಂದಿನ ದಿನವೇ ತಿಳಿಸಿ. ಹೆಣ್ಣುಮಕ್ಕಳ ಮನೆಗೆ ಪ್ಲಂಬರನನ್ನು ಕಳಿಸುವಾಗ ಹೊತ್ತು ಹೇಳಿ ಜೊತೆಗೆ ಯಾರಾದರೂ ಇರಿ, ಕ್ಯಾಮೆರಾ ಗೇಟಿಗೆ ಮಾತ್ರ ಸಾಕು. ಬಾಡಿಗೆ ಬಾಕಿಯಿದೆ ಎಂದು ನೀರು, ಕರೆಂಟ್ ಕಡಿಯುವುದು ಅಥವಾ ಬೀಗ ಜಡಿಯುವುದು ಸಲ್ಲದು. ಮೊದಲು ಜಾಮೀನು ಹಾಕಿದವರಿಗೆ ಫೋನ್, ಆಮೇಲೆ ಬರಹದ ನೋಟಿಸ್.

ಒಳಗೆ ಬರುವ ದಿನವೇ ಗೋಡೆ, ಫ್ಯಾನು, ನಳ, ಮೀಟರ್ ರೀಡಿಂಗ್ ತೋರುವ ವಿಡಿಯೊ ಮಾಡಿ ಅವರಿಗೂ ಕಳಿಸಿ. ಬಿಡುವ ದಿನ ಅದನ್ನೇ ಮುಂದಿಟ್ಟುಕೊಂಡು ನೋಡಿ. ಬಣ್ಣ ಮಾಸಿದ್ದಕ್ಕೆ ಹಣ ಹಿಡಿಯಬೇಡಿ, ಒಡೆದ ಕಿಟಕಿ ಗಾಜಿಗೆ ಹಿಡಿಯಿರಿ, ರಸೀದಿ ತೋರಿಸಿ. ಉಳಿದದ್ದನ್ನು 15 ದಿನದೊಳಗೆ ಖಾತೆಗೆ ಹಾಕಿ. ಮುಂದಿನ ಜುಲೈಗೆ ಅದೇ ಕಾಲೇಜಿನ ಜೂನಿಯರುಗಳನ್ನು ಕರೆತರುವವರು ಇವರೇ.