ಅತ್ತೆಯ ತಟ್ಟೆಗೆ ಸೊಪ್ಪು ಮತ್ತೆ ಬಂತು

ದಾವಣಗೆರೆಯ ನಮ್ಮ ಮನೆಯಲ್ಲಿ ಅಡುಗೆ ನನ್ನದು. ಅತ್ತೆಗೆ ಎಪ್ಪತ್ತು ದಾಟಿದ ಮೇಲೆ ರವಿಕೆಗಳು ಸಡಿಲವಾದವು. ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಲು ಕೈ ಬರುತ್ತಿರಲಿಲ್ಲ. ವಯಸ್ಸಾಯ್ತಲ್ಲ ಅಂತ ಬಂದವರೆಲ್ಲ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ತಾನಾಗಿ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಕಮ್ಮಿ, ನಿಧಾನ ನಡಿಗೆ, ಓಡಾಟ ಕಡಿಮೆ. ಈ ಐದರಲ್ಲಿ ಮೂರಿದ್ದರೆ ಅದನ್ನು ಫ್ರೇಲ್ಟಿ, ಅಂದರೆ ಮುಪ್ಪಿನ ನಿಶ್ಶಕ್ತಿ, ಎಂದು ಗುರುತಿಸುತ್ತಾರೆ. 2001ರಿಂದ ಬಳಕೆಯಲ್ಲಿರುವ ಅಳತೆ ಇದು. ಏನೇನು ತಿನ್ನುತ್ತಾರೆ ಅಂತ ಡಾಕ್ಟರು ಕೇಳಿದರು. ಅನ್ನ, ತಿಳಿಸಾರು, ಮಜ್ಜಿಗೆ, ಸಂಜೆ ಒಂದಿಷ್ಟು ಮಂಡಕ್ಕಿ. ತರಕಾರಿ ಯಾವಾಗಲೋ ತಟ್ಟೆ ಬಿಟ್ಟುಹೋಗಿತ್ತು.

‘ಹಲ್ಲಿಲ್ಲದ ಬಾಯಿಗೆ ಎಂಥ ಪಲ್ಯನವ್ವ’ ಅಂದರು ಅತ್ತೆ. ಸಮಸ್ಯೆ ಇದ್ದದ್ದೇ ಅಲ್ಲಿ. ವಯಸ್ಸಾದವರಿಗೆ ತರಕಾರಿ ತಿನ್ನಿ ಅಂತ ಸುಮ್ನೆ ಹೇಳಿದರೆ ಆಗಲ್ಲ, ಬಾಯಿಗೆ ಹೊಂದುವ ಹಾಗೆ ಮಾಡಿಕೊಡಬೇಕು.

ಪಾಲಕ್, ಮೆಂತ್ಯ, ದಂಟಿನ ಸೊಪ್ಪು, ಯಾವುದಾದರೂ ಸರಿ. ದಂಟು ಬಿಟ್ಟು ಎಲೆ ಬಿಡಿಸಿ, ತೊಗರಿಬೇಳೆ, ಟೊಮೆಟೊ ಜೊತೆ ಕುಕ್ಕರಿಗೆ ಹಾಕುತ್ತೇನೆ. ಆಮೇಲೆ ಕಡಗೋಲಿನಿಂದ ಚೆನ್ನಾಗಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ. ಮುದ್ದೆ ಹೇಗೂ ಅಗಿಯದೆ ನುಂಗುವಂಥದ್ದು, ಮಸೊಪ್ಪಿನ ಜೊತೆ ಸಲೀಸಾಗಿ ಇಳಿಯುತ್ತದೆ. ಸಿಹಿಗುಂಬಳ, ಕ್ಯಾರೆಟ್ಟನ್ನು ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೇಯಿಸುತ್ತೇನೆ. ಹತ್ತೂವರೆ ಹನ್ನೊಂದಕ್ಕೆ ಮಾಗಿದ ಪಪ್ಪಾಯಿ ಅಥವಾ ಬಾಳೆಹಣ್ಣು. ಜ್ಯೂಸ್ ಮಾಡಿ ಸೋಸುವುದಿಲ್ಲ, ನಾರೆಲ್ಲ ಹೊರಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹಣ್ಣು ತರಕಾರಿ ಸೇರಿ ದಿನಕ್ಕೆ 400 ಗ್ರಾಂ. ಆಲೂಗಡ್ಡೆ ಆ ಲೆಕ್ಕಕ್ಕಿಲ್ಲ. ಒಂದೇ ಊಟಕ್ಕೆ ತುಂಬಿದರೆ ಅತ್ತೆಗೆ ಹೊಟ್ಟೆ ಉಬ್ಬರ. ಹಾಗಾಗಿ ಹಂಚಿ ಹಂಚಿ ಕೊಡುತ್ತೇನೆ.

ಸ್ಪೇನ್, ಫ್ರಾನ್ಸಿನ ಹಿರಿಯರನ್ನು ಗಮನಿಸುತ್ತ ಬಂದ ಅಧ್ಯಯನಗಳಲ್ಲಿ ಹಣ್ಣು ತರಕಾರಿ ಜಾಸ್ತಿ ತಿನ್ನುವವರಲ್ಲಿ ಈ ನಿಶ್ಶಕ್ತಿ ಕಡಿಮೆ ಕಂಡಿದೆ. ಆದರೆ ಅಂಥವರು ನಡೆದಾಡುವುದೂ ಜಾಸ್ತಿ ಇರಬಹುದು, ಅಲ್ವಾ? ಅದಕ್ಕೇ ನಾನು ಸೊಪ್ಪೊಂದನ್ನೇ ನಂಬಿ ಕೂರಲಿಲ್ಲ. ಸ್ನಾಯುವಿಗೆ ಪ್ರೋಟೀನ್ ಬೇಕೇ ಬೇಕು. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ, ಬೇಳೆ, ಹೆಸರುಕಾಳು, ಗಟ್ಟಿ ಮೊಸರು ತಪ್ಪಿಸುವುದಿಲ್ಲ. ಸಂಜೆ ನನ್ನ ಕೈ ಹಿಡಿದು ಕುಂದವಾಡ ಕೆರೆಯ ದಂಡೆಯಲ್ಲಿ ಆದಷ್ಟು ದೂರ ನಡೆಯುತ್ತಾರೆ. ತೂಕ ಇಳಿಯುವುದು ನಿಂತಿದೆ. ಕುರ್ಚಿಯಿಂದ ತಾವೇ ಏಳುತ್ತಾರೆ.

ಒಂದು ಮಾತು. ಕಿಡ್ನಿ ತೊಂದರೆ ಇದ್ದವರಿಗೆ ಪೊಟ್ಯಾಶಿಯಂ ಜಾಸ್ತಿ ಇರುವ ಬಾಳೆಹಣ್ಣು, ಸೊಪ್ಪು ಆಗದಿರಬಹುದು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು. ಡಾಕ್ಟರನ್ನು ಕೇಳಿಯೇ ಶುರುಮಾಡಿ.